ನೆಲದ ಮೇಲೆ ಕೂರುವವರಿಗೆ ಹಲಸಿನ ಟಿವಿ ಸ್ಟ್ಯಾಂಡ್

ತುಮಕೂರಿನ ನಮ್ಮ ಮನೆಗೆ 43 ಇಂಚಿನ ಟಿವಿ ಬಂದಾಗ, ಅದನ್ನು ಫಿಟ್ ಮಾಡಲು ಬಂದ ಹುಡುಗ ಗೋಡೆಯ ಮೇಲೆ ತನ್ನ ಕಣ್ಣಿನ ಎತ್ತರ ನೋಡಿಕೊಂಡು ತೂತು ಕೊರೆದು ನೇತುಹಾಕಿ ಹೋದ. ಅವನು ನಿಂತಿದ್ದ, ಅವನಿಗೆ ಸರಿಯಾಗೇ ಕಾಣಿಸಿತು. ಆದರೆ ನಮ್ಮ ಅಮ್ಮ ಟಿವಿ ನೋಡುವುದು ನೆಲದ ಮೇಲೆ ಕೂತು. ಮುಂದೆ ಈಳಿಗೆಮಣೆಯೋ ಅವರೆಕಾಯಿ ತುಂಬಿದ ಮೊರವೋ ಇರುತ್ತೆ. ಕೆಳಗೆ ಕೈಕೆಲಸ, ಮೇಲೆ ಸೀರಿಯಲ್ಲು, ಹೀಗೆ ತಲೆ ಎತ್ತಿ ಇಳಿಸಿ ರಾತ್ರಿ ಹೊತ್ತಿಗೆ ಕತ್ತು ಹಿಡಿದುಕೊಂಡು ಅಮೃತಾಂಜನ ಹುಡುಕುವುದು ದಿನದ ಪಾಡಾಯಿತು. ಅಂಗಡಿಯ ಸ್ಟ್ಯಾಂಡುಗಳನ್ನೂ ನೋಡಿಕೊಂಡು ಬಂದೆ. ಹೆಚ್ಚಿನವು ಸೋಫಾದಲ್ಲಿ ಕೂರುವವರ ಲೆಕ್ಕಕ್ಕೆ ಮಾಡಿದವು. ನೆಲದಲ್ಲಿ ಕೂರುವ ಮನೆಗಳು ನಮ್ಮ ಕಡೆ ಎಷ್ಟಿವೆ ಅಲ್ವಾ, ಆದರೂ ಅವರಿಗೆ ಅಂತ ಒಂದೂ ಇರಲಿಲ್ಲ. ಇದು ನನಗೆ ನಿಜಕ್ಕೂ ಬೇಸರ ತಂದಿತು. ನಾನೇ ಮಾಡುತ್ತೇನೆ ಅಂತ ಹೊರಟೆ.

ಲೆಕ್ಕ ಸುಲಭ. ಟಿವಿ ಪರದೆಯ ನಡುಭಾಗ ನೋಡುವವರ ಕಣ್ಣಿಗೆ ಸಮವಾಗಿ ಬರಬೇಕು, ಅಷ್ಟೇ. ಅಮ್ಮನನ್ನು ಮಾಮೂಲಿ ಜಾಗದಲ್ಲಿ ಕೂರಿಸಿ ಟೇಪ್ ಹಿಡಿದೆ. ನೆಲದಿಂದ ಕಣ್ಣಿಗೆ 28 ಇಂಚು. ಟಿವಿಯ ಎತ್ತರ ಹತ್ತಿರ ಹತ್ತಿರ 22 ಇಂಚು, ಅದರ ಅರ್ಧ 11, ಕಾಲುಗಳದ್ದು ಎರಡೂವರೆ. ಕಳೆದರೆ ಉಳಿಯುವುದು ಹದಿನಾಲ್ಕೂವರೆ, ಅದೇ ಸ್ಟ್ಯಾಂಡಿನ ಎತ್ತರ. ಅಪ್ಪ ಕುರ್ಚಿಯಲ್ಲಿ ಕೂರುವುದರಿಂದ 16ಕ್ಕೆ ನಿಲ್ಲಿಸಿದೆ. ಕುರ್ಚಿಯಿಂದ ಸ್ವಲ್ಪ ಕೆಳಗೆ ನೋಡಿದರೆ ಕತ್ತಿಗೆ ತೊಂದರೆಯಿಲ್ಲ. ಮೇಲೆ ನೋಡುವುದೇ ಕಷ್ಟ. ಇನ್ನೊಂದು ವಿಷಯ, ಈಗಿನ ಟಿವಿಗಳ ಕಾಲುಗಳು ಎರಡು ತುದಿಗೆ ಇರುತ್ತವೆ. ಹಲಗೆಯ ಉದ್ದ ನಿಗದಿ ಮಾಡುವ ಮುಂಚೆ ಆ ಕಾಲುಗಳ ನಡುವಿನ ದೂರ ಅಳೆಯಲೇಬೇಕು. ನಾನು ಧಾರಾಳವಾಗಿ ನಾಲ್ಕೂವರೆ ಅಡಿ ಇಟ್ಟೆ.

ಮರ ಊರಿನದು. ಗುಬ್ಬಿ ತಾಲೂಕಿನ ಚೇಳೂರಿನ ಕಡೆ ನಮ್ಮ ತೋಟ, ಅಲ್ಲಿ ಹಲಸಿಗೆ ಬರವಿಲ್ಲ. ಕೆಂಪು ತೊಳೆಯ ಸಿದ್ದು ಹಲಸಿನ ತಳಿಯಿಂದ ಈಗ ಆ ಊರಿನ ಹೆಸರು ಎಲ್ಲ ಕಡೆ ಗೊತ್ತಾಗಿದೆ. ನಮ್ಮದು ಅಂಥ ಹೆಸರಾಂತ ಮರವೇನಲ್ಲ, ಬದುವಿನ ಮೇಲಿದ್ದ ಹಳೆಯ ಮರ. ಗಾಳಿಗೆ ಬಿದ್ದಿದ್ದನ್ನು ಅಪ್ಪ ಕುಯ್ಯಿಸಿ ದನದ ಕೊಟ್ಟಿಗೆಯ ಅಟ್ಟಕ್ಕೆ ಹಾಕಿಸಿ ವರ್ಷಗಳೇ ಆಗಿದ್ದವು. ಅದು ಒಳ್ಳೆಯದೇ ಆಯಿತು. ಒಂದು ಇಂಚು ದಪ್ಪದ ಹಲಗೆ ಗಾಳಿಯಲ್ಲಿ ಒಣಗಲು ಒಂದು ವರ್ಷ ಬೇಕು ಅನ್ನುವುದು ಬಡಗಿಗಳ ಲೆಕ್ಕ. ಹಸಿ ಮರದಲ್ಲಿ ಕೆಲಸ ಮಾಡಿದರೆ ಆಮೇಲೆ ಸೊಟ್ಟಗಾಗುತ್ತೆ, ಬಿರಿಯುತ್ತೆ. ಅಂಚಿನ ಬಿಳಿ ಭಾಗವನ್ನು ಹುಳ ತಿಂದು ಪುಡಿ ಮಾಡಿತ್ತು. ಒಳಗಿನ ಚೇಗಿಗೆ ಮಾತ್ರ ಏನೂ ಆಗಿರಲಿಲ್ಲ. ಬಿಳಿಯನ್ನೆಲ್ಲ ಗರಗಸದಲ್ಲಿ ತೆಗೆದುಹಾಕಿದೆ.

ಮರ ಹೆರೆದು ನಯ ಮಾಡುವ ಹತ್ತರಿ ಹಿಡಿದ ಆ ಭಾನುವಾರವನ್ನು ಮರೆಯಲಾರೆ. ಮೇಲೆಲ್ಲ ಬೂದಿ ಬಣ್ಣ, ಧೂಳು, ಜೇಡರ ಬಲೆ. ಒಂದೇ ಎಳೆತಕ್ಕೆ ಸುರುಳಿ ಸುತ್ತಿಕೊಂಡು ಹೆರೆ ಎದ್ದು ಬಂತು, ಅದರ ಕೆಳಗೆ ಅರಿಶಿನ ಹಚ್ಚಿದ ಹಾಗೆ ಹಳದಿ! ವಾಸನೆಯೂ ಸಣ್ಣಗೆ ಸಿಹಿ. ಅಮ್ಮ ಒಂದು ಹೆರೆ ಎತ್ತಿ ಮೂಸಿ, ಬೆಳಕಿಗೆ ಹಿಡಿದು, ಆ ಮರದ ಹಣ್ಣು ಎಷ್ಟು ರುಚಿ ಇತ್ತು ಅಂತ ಶುರು ಮಾಡಿದವರು ಊರಿನ ಕಥೆಯನ್ನೆಲ್ಲ ಹೇಳಿ ಮುಗಿಸಿದ್ದು ಮಧ್ಯಾಹ್ನದ ಊಟದ ಹೊತ್ತಿಗೆ. ವೀಣೆ ಮಾಡುವುದೂ ಇದೇ ಮರದಲ್ಲಿ. ಬರ್ಮಾ, ಶ್ರೀಲಂಕಾ ಕಡೆ ಬೌದ್ಧ ಭಿಕ್ಷುಗಳ ಬಟ್ಟೆಗೆ ಇದರ ಹೊಟ್ಟನ್ನು ಕುದಿಸಿ ಬಣ್ಣ ಕಟ್ಟುತ್ತಿದ್ದರು. ಇಂಥ ಮರವನ್ನು ಸುಮ್ನೆ ಸೌದೆಗೆ ಹಾಕುವುದನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತೆ.

ಎಂಟೆಂಟು ಇಂಚಿನ ಎರಡು ಹಲಗೆ ಸೇರಿಸಿದರೆ ಮೇಲ್ಹಲಗೆ. ಜೋಡಿಸುವ ಅಂಚುಗಳನ್ನು ಹತ್ತರಿಯಲ್ಲಿ ಹೊಡೆದು, ಒಂದರ ಮೇಲೊಂದು ನಿಲ್ಲಿಸಿ, ಕಿಟಕಿಗೆ ಎದುರಾಗಿ ಹಿಡಿದು ನೋಡಬೇಕು. ಸಂದಿಯಲ್ಲಿ ಬೆಳಕು ಕಂಡರೆ ಅಲ್ಲಿ ಇನ್ನೂ ತಗ್ಗಿದೆ ಅಂತ. ಬೆಳಕು ಪೂರ್ತಿ ನಿಂತ ಮೇಲೆ ಫೆವಿಕಾಲ್ ಬಳಿದು, ಹಗ್ಗ ಸುತ್ತಿ, ಅದರಲ್ಲಿ ಕೋಲು ತೂರಿಸಿ ತಿರುವಿ ಬಿಗಿ ಮಾಡಿ ಮಾರನೇ ದಿನದವರೆಗೆ ಬಿಟ್ಟೆ. ಎರಡು ಪಕ್ಕದ ಹಲಗೆ, ಕೆಳಗೊಂದು ಅಡ್ಡ ಹಲಗೆ. ಉದ್ದ ಜಾಸ್ತಿ ಇರುವುದರಿಂದ ಮೇಲ್ಹಲಗೆ ಜಗ್ಗದಂತೆ ನಡುವೆ ಒಂದು ಊರೆ. ಹಿಂಭಾಗ ತೆರೆದೇ ಬಿಟ್ಟೆ. ಸೆಟ್ ಟಾಪ್ ಬಾಕ್ಸ್ ಬಿಸಿಯಾಗುತ್ತೆ, ಅದಕ್ಕೆ ಗಾಳಿ ಬೇಕು. ಮರ ಮಳೆಗಾಲದಲ್ಲಿ ಅಗಲವಾಗಿ ಬೇಸಿಗೆಯಲ್ಲಿ ಕುಗ್ಗುತ್ತೆ. ಅದಕ್ಕೇ ಮೇಲ್ಹಲಗೆ ಹಿಡಿಯುವ ಪಟ್ಟಿಗಳಲ್ಲಿ ಸ್ಕ್ರೂ ತೂತನ್ನು ದುಂಡಗೆ ಮಾಡದೆ ಉದ್ದುದ್ದ ಮಾಡಿದೆ. ಮರ ಓಡಾಡಲು ಜಾಗ ಸಿಕ್ಕರೆ ಬಿರಿಯುವುದಿಲ್ಲ. ಸ್ಕ್ರೂ, ಮರಳು ಕಾಗದ, ಅಗಸೆ ಎಣ್ಣೆ ಎಲ್ಲ ಮಂಡಿಪೇಟೆಯಲ್ಲೇ ಸಿಕ್ಕಿತು.

80, 120, 220 ನಂಬರಿನ ಕಾಗದಗಳಲ್ಲಿ ಸಾಲಾಗಿ ಉಜ್ಜಿ ಎಣ್ಣೆ ಬಳಿದೆ. ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತೆ, ಮುದ್ದೆಯೊಳಗೆ ಆ ಬಿಸಿ ಕೂಡಿಕೊಂಡು ತಾನಾಗೇ ಬೆಂಕಿ ಹತ್ತಬಹುದು. ಬಯಲಲ್ಲಿ ಹರಡಿ ಒಣಗಿಸಿ.

ಟಿವಿ ಈಗ ಹಗುರ, ಮೊದಲಿನ ಡಬ್ಬದಂಥ ಟಿವಿಗಳ ಭಾರ ಇಲ್ಲ. ಸ್ಟ್ಯಾಂಡ್ ಮುರಿಯುವ ಭಯ ಬೇಡ, ಮಕ್ಕಳು ಎಳೆದು ಮೈಮೇಲೆ ಕೆಡವಿಕೊಳ್ಳುವ ಭಯ ಇರಬೇಕು. ಅದೂ ಇಷ್ಟು ತಗ್ಗಿನಲ್ಲಿ ಇಟ್ಟರೆ ಕೈಗೆ ಸಲೀಸಾಗಿ ಸಿಗುತ್ತೆ. ಅಕ್ಕನ ಮಗ ಈಗಷ್ಟೇ ಹಿಡಿದು ನಿಲ್ಲುವುದು ಕಲಿತಿದ್ದಾನೆ. ಹಾಗಾಗಿ ಟಿವಿ ಹಿಂದಿನ ಸ್ಕ್ರೂ ತೂತುಗಳಿಗೆ ಗಟ್ಟಿ ಪಟ್ಟಿ ಕಟ್ಟಿ, ಗೋಡೆಯಲ್ಲಿ ಆ ಹುಡುಗ ಕೊರೆದಿದ್ದ ತೂತುಗಳಿಗೇ ಕೊಕ್ಕೆ ಹಾಕಿ ಬಿಗಿದೆ. ಮೇಲಿನಿಂದ ಹಿಡಿದಿರುವುದರಿಂದ ಮುಂದಕ್ಕೆ ಎಳೆದರೂ ಬಗ್ಗುವುದಿಲ್ಲ, ನಾನೇ ಜೋರಾಗಿ ಜಗ್ಗಿ ನೋಡಿದೆ.

ಹಲಸು ಬೆಳಕಿಗೆ ನಿಧಾನವಾಗಿ ಕಂದು ಬಣ್ಣಕ್ಕೆ ತಿರುಗುತ್ತೆ. ಸಾಮಾನು ಇಟ್ಟ ಜಾಗ ಮಾತ್ರ ಹಳದಿಯಾಗಿಯೇ ಉಳಿದು ಕಲೆಯ ಹಾಗೆ ಕಾಣುತ್ತೆ. ಮೊದಲ ಕೆಲವು ತಿಂಗಳು ಹೂದಾನಿ, ರಿಮೋಟ್ ಡಬ್ಬಿ ಎಲ್ಲವನ್ನೂ ಆಗಾಗ ಜರುಗಿಸುತ್ತಿರಬೇಕು. ಆ ಕೆಲಸವನ್ನು ಅಮ್ಮ ವಹಿಸಿಕೊಂಡಿದ್ದಾರೆ. ಅಟ್ಟದಲ್ಲಿ ಇನ್ನೂ ಮೂರು ಹಲಗೆ ಉಳಿದಿವೆ, ಅಪ್ಪ ಅದರಲ್ಲಿ ಪೇಪರ್ ಓದಲು ಒಂದು ಇಳಿಜಾರು ಮೇಜು ಬೇಕು ಅಂದಿದ್ದಾರೆ. ಅವರ ಕಣ್ಣಿನ ಅಳತೆಯನ್ನೂ ಬರೆದಿಟ್ಟುಕೊಂಡಿದ್ದೇನೆ.