ಜ್ವರ ಬಿಟ್ಟ ಮಾರನೇ ದಿನ

ಮೂರು ದಿನ ಜ್ವರ. ನಿನ್ನೆ ಬಿಟ್ಟಿತಲ್ಲ ಅಂತ ಇವತ್ತು ಬೆಳಗಿನ ಜಾವವೇ ಚಿಕ್ಕಬಳ್ಳಾಪುರದಿಂದ ನಂದಿ ಬೆಟ್ಟಕ್ಕೆ ಸೈಕಲ್ ಹತ್ತಿಸಿದೆ. ಅರ್ಧ ದಾರಿಗೇ ವಾಚಿನಲ್ಲಿ ಹೃದಯ ಬಡಿತ 180. ಬೇರೆ ದಿನ ಅಲ್ಲಿ 150 ದಾಟಲ್ಲ. ತಿರುವಿನ ಕಟ್ಟೆ ಮೇಲೆ ಕೂತೆ. ಕೈ ನಡುಗುತ್ತಿತ್ತು, ಬೆವರು ತಣ್ಣಗಿತ್ತು.

ಇಟಲಿಯ ಸೈಕಲ್ ರೇಸರ್ ಡಿಯೆಗೊ ಉಲಿಸ್ಸಿ ನೆನಪಾದರು. 2020ರಲ್ಲಿ ಜಿರೋ ಅನ್ನೋ ಇಟಲಿಯ ಮೂರು ವಾರದ ಸೈಕಲ್ ರೇಸಿನಲ್ಲಿ ಎರಡು ಹಂತ ಗೆದ್ದವರು. ಅದೇ ಡಿಸೆಂಬರ್ ತಪಾಸಣೆಯಲ್ಲಿ ಹೃದಯದ ಸ್ನಾಯು ಊದಿಕೊಂಡಿದೆ ಅಂತ ಗೊತ್ತಾಗಿ ಕೆಲವು ತಿಂಗಳು ರೇಸ್ ಬಿಡಬೇಕಾಯಿತು. ವೈರಸ್ ಜ್ವರದಿಂದಲೂ ಹೀಗಾಗಬಹುದಂತೆ. ಅದರ ಮೇಲೆ ಜೋರಾಗಿ ತುಳಿದರೆ ಬಡಿತದ ಲಯವೇ ತಪ್ಪಬಹುದು. ಅವರಿಗಾದರೂ ತಂಡದ ಡಾಕ್ಟರ್ ಇದ್ದರು. ನನಗೆ ಅಮ್ಮ ಇದ್ದಳು. "ಸುಮ್ನೆ ಗಂಜಿ ಕುಡಿದು ಮಲಗೋ" ಅಂದಿದ್ದಳು. ಕೇಳಬೇಕಲ್ವಾ!

ಬ್ರೇಕ್ ಹಿಡಿದುಕೊಂಡೇ ಇಳಿದು ಬಂದೆ. ಗಂಜಿ ಇನ್ನೂ ಬೆಚ್ಚಗಿತ್ತು.