ಬ್ಯಾಂಡ್ ಇದೆ, ಬಣ್ಣ ಇಲ್ಲ

ಪ್ರೋಟೀನುಗಳನ್ನು ಜೆಲ್‌ನಲ್ಲಿ ಗಾತ್ರದ ಪ್ರಕಾರ ಬೇರೆ ಮಾಡಿ ಆ್ಯಂಟಿಬಾಡಿಯಿಂದ ಗುರುತಿಸುವ ವೆಸ್ಟರ್ನ್‌ನಲ್ಲಿ ಕಪ್ಪಗೆ, ಗಟ್ಟಿಯಾಗಿ ಬ್ಯಾಂಡ್. ಅದೇ ಟ್ಯೂಬು, ಅದೇ ಎಂ2 ಆ್ಯಂಟಿಬಾಡಿ, ಆದರೆ ಬಣ್ಣ ನೋಡಿ ಪ್ರೋಟೀನು ಅಳೆಯುವ ಎಲೈಸಾ ಪ್ಲೇಟಿನಲ್ಲಿ ಸೊನ್ನೆ. ಕೋಲಾರದ ನರಸಾಪುರದ ಕಡೆ ಇರುವ ನಮ್ಮ ಲ್ಯಾಬಿನ ಕಥೆ ಇದು. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ನಮ್ಮ ಪ್ರೋಟೀನಿನ ತುದಿಯಲ್ಲಿ ಇದ್ದದ್ದು ಫ್ಲ್ಯಾಗ್ ಟ್ಯಾಗ್, ಎಂ2 ಹಿಡಿಯುವ ಗುರುತಿನ ಬಾಲ. ಎಚ್‌ಎ ಎಂಬ ಇನ್ನೊಂದು ಟ್ಯಾಗನ್ನು ಫ್ಲೂ ವೈರಸ್ಸಿನಿಂದ ತೆಗೆದುಕೊಂಡಿದ್ದಾರೆ. ಇದು ಹಾಗಲ್ಲ. 1988ರಲ್ಲಿ ಅಮೆರಿಕದ ಇಮ್ಯುನೆಕ್ಸ್ ಕಂಪನಿಯಲ್ಲಿ ಥಾಮಸ್ ಹಾಪ್ ಮತ್ತು ಜೊತೆಯವರು ಪ್ಯೂರಿಫಿಕೇಶನ್‌ಗೆಂದೇ ಜೋಡಿಸಿದ 8 ಅಮೈನೋ ಆಮ್ಲಗಳ ತುಂಡು: ಡಿ-ವೈ-ಕೆ-ಡಿ-ಡಿ-ಡಿ-ಡಿ-ಕೆ. ಎಂ2 ಕೂರಿಸಿದ ಸಣ್ಣ ಮಣಿಗಳಿಗೆ, ಅಂದರೆ ರೆಸಿನ್‌ಗೆ, ಪ್ರೋಟೀನು ಅಂಟುತ್ತದೆ. ಅದರ ಮೇಲೆ 3ಎಕ್ಸ್ ಫ್ಲ್ಯಾಗ್ ಪೆಪ್ಟೈಡ್ (ಫ್ಲ್ಯಾಗ್‌ನಂಥ ತುಂಡು ಮೂರು ಸಲ ಇರುವ ಸಣ್ಣ ಸರಪಳಿ) ಹಾಕಿದರೆ ಅದು ಆ ಜಾಗ ಕಸಿದುಕೊಂಡು ಪ್ರೋಟೀನನ್ನು ಬಿಡಿಸುತ್ತದೆ. ಆಸಿಡ್ ಕಾಟವಿಲ್ಲ. ಬಿಲ್ಲು ಮಾತ್ರ ಕೇಳಬೇಡಿ.

ಹೀಗೆ ಬಿಡಿಸುವ ಎಲ್ಯೂಷನ್ ಆದಮೇಲೆ ಬಫರ್ ಎಕ್ಸ್‌ಚೇಂಜ್ ಮಾಡಬೇಕು, ಅಂದರೆ ಪೆಪ್ಟೈಡ್ ಇರುವ ದ್ರಾವಣ ತೆಗೆದು ಹೊಸದಕ್ಕೆ ಬದಲಿಸಬೇಕು. ಮ್ಯಾನೇಜರ್ ಬೇಡ ಅಂದರು. "ಸುಮ್ನೆ ಪ್ರೋಟೀನ್ ಲಾಸ್. ಟೈಮೂ ಇಲ್ಲ. ಎಲೈಸಾಗೆ ಹೇಗಿದ್ರೂ ನೂರು ಪಟ್ಟು ಡೈಲ್ಯೂಟ್ ಮಾಡ್ತೀರಲ್ವಾ?" ಮಾತು ಸರಿ ಅನ್ನಿಸಿತು. ತಲೆಯಾಡಿಸಿದೆ.

ಮಧ್ಯಾಹ್ನ ಪ್ಲೇಟಿಗೆ ಬಣ್ಣ ಬರಿಸುವ ಟಿಎಂಬಿ ಹಾಕಿದೆವು. ಸಂಜೆ ನಾಲ್ಕಕ್ಕೆ ಕ್ಲೈಂಟ್ ಕಾಲ್. ಎಡಗಡೆ ಸ್ಟ್ಯಾಂಡರ್ಡ್ (ಪ್ರಮಾಣ ಗೊತ್ತಿರುವ ಪ್ರೋಟೀನು) ಹಾಕಿದ ಕಾಲಂಗಳು ಮೇಲಿನಿಂದ ಕೆಳಗೆ ಒಂದೊಂದಾಗಿ ನೀಲಿಗೆ ತಿರುಗಿದವು. ನಮ್ಮ ಸ್ಯಾಂಪಲ್‌ಗಳು ತಿಳಿನೀರಿನ ಹಾಗೆ ಕೂತಿದ್ದವು. ಮುಳಬಾಗಿಲಿನ ಹುಡುಗ ಮಲ್ಟಿಚಾನಲ್‌ನಲ್ಲಿ ನೀಲಿಯನ್ನು ಹಳದಿ ಮಾಡಿ ಕ್ರಿಯೆ ನಿಲ್ಲಿಸುವ ಸ್ಟಾಪ್ ಸೊಲ್ಯೂಷನ್ ತುಂಬಿಕೊಂಡು ನಿಂತಿದ್ದ. "ಮೇಡಂ, ಹಾಕ್ಲಾ?" ಇರು ಅಂದೆ. ಸ್ವಲ್ಪ ಹೊತ್ತಿಗೆ ಮತ್ತೆ, "ಮೇಡಂ?" ಪ್ಲೇಟಿನ ಕೆಳಗೆ ಬಿಳಿ ಟಿಶ್ಯೂ ಇಟ್ಟು ಬಗ್ಗಿ ನೋಡಿದೆ. ಎಲ್ಲಾದರೂ ಒಂದು ಚೂರು ನೀಲಿ? ಇಲ್ಲ. ಅಷ್ಟರಲ್ಲಿ ಮೇಲಿನ ಸ್ಟ್ಯಾಂಡರ್ಡ್ ರೀಡರ್‌ನ ಮಿತಿ ದಾಟುವಷ್ಟು ಕಡುವಾಗಿತ್ತು. ಹಾಕು ಮಾರಾಯ ಅಂದೆ. ಸ್ಟ್ಯಾಂಡರ್ಡ್‌ಗಳೆಲ್ಲ ಹಳದಿ. ನಮ್ಮವು ಹಾಗೇ.

ನನ್ನ ಅನುಮಾನ ನೇರ ಅಜೈಡ್ ಎಂಬ ಪ್ರಿಸರ್ವೇಟಿವ್ ಮೇಲೆ ಹೋಯಿತು. ಅದು ಬಿದ್ದರೆ ಟಿಎಂಬಿಗೆ ಬಣ್ಣ ತರುವ ಕಿಣ್ವ ಎಚ್‌ಆರ್‌ಪಿ ಸಾಯುತ್ತದೆ. ಯಾರು ಯಾವ ಬಾಟಲಿ ಮುಟ್ಟಿದರು ಅಂತ ಎಲ್ಲರನ್ನೂ ವಿಚಾರಿಸಿದೆ. ಆಮೇಲೆ ರಾತ್ರಿ ಕರೆಂಟ್ ಹೋದದ್ದಕ್ಕೆ ಬೈದೆ. ಅದೇ ಡೈಲ್ಯುಯೆಂಟ್, ಅದೇ ಕಾಂಜುಗೇಟ್‌ನಲ್ಲಿ (ಎಚ್‌ಆರ್‌ಪಿ ಜೋಡಿಸಿದ ಆ್ಯಂಟಿಬಾಡಿ) ಸ್ಟ್ಯಾಂಡರ್ಡ್ ಕರ್ವ್ ಕಣ್ಣಿಗೆ ಹಬ್ಬದಂತೆ ಬಂದಿತ್ತು. ಅದನ್ನು ನೋಡಿಯೂ ಬೈದೆ.

ಮಾರನೆಯ ದಿನ ಆ ಹುಡುಗ ಕೊಂಡು ತಂದ ಸ್ಟ್ಯಾಂಡರ್ಡ್‌ಗೇ ನಮ್ಮ ಎಲ್ಯೂಷನ್ ಬಫರ್ ಬೆರೆಸಿ ಓಡಿಸಿದ. ನಮ್ಮ ಪ್ರೋಟೀನು ಇಲ್ಲದ, ಪೆಪ್ಟೈಡ್ ಮಾತ್ರ ಇರುವ ಬಫರ್. ಸ್ಟ್ಯಾಂಡರ್ಡೂ ಮಲಗಿತು.

ಆಮೇಲೆ ಕೂತು ಲೆಕ್ಕ ಹಾಕಿದೆವು. ಪೆಪ್ಟೈಡ್ ಮಿಲಿಲೀಟರ್‌ಗೆ 150 ಮೈಕ್ರೋಗ್ರಾಂ. ತೂಕ 3 ಕಿಲೋಡಾಲ್ಟನ್‌ಗೂ ಕಡಿಮೆ, ಅಂದರೆ ಸುಮಾರು 50 ಮೈಕ್ರೋಮೋಲಾರ್. ನಮ್ಮ 50 ಕಿಲೋಡಾಲ್ಟನ್ ಪ್ರೋಟೀನು 100 ಮೈಕ್ರೋಗ್ರಾಂ ಇದೆ ಅಂದುಕೊಂಡರೂ ಬರೀ 2 ಮೈಕ್ರೋಮೋಲಾರ್. ಒಂದು ಪ್ರೋಟೀನಿಗೆ 25 ಪೆಪ್ಟೈಡ್. ಡೈಲ್ಯೂಟ್ ಮಾಡಿದರೆ ಎರಡೂ ಒಟ್ಟಿಗೇ ಇಳಿಯುತ್ತವೆ, ಅನುಪಾತ ಅಲ್ಲಾಡುವುದಿಲ್ಲ. ನೂರು ಪಟ್ಟು ಇಳಿಸಿದ ಮೇಲೂ ಪ್ಲೇಟಿಗೆ ಕೋಟ್ ಮಾಡಿದ ಎಂ2ವನ್ನು ತುಂಬಲು ಪೆಪ್ಟೈಡ್ ಬೇಕಾದಷ್ಟು ಉಳಿದಿರುತ್ತದೆ. ಸೀಟೆಲ್ಲ ಟವೆಲ್ ಹಾಕಿ ಹಿಡಿದ ಬಸ್ಸಿಗೆ ಪ್ರೋಟೀನು ಹತ್ತುವುದೆಲ್ಲಿಂದ?

ವೆಸ್ಟರ್ನ್ ಯಾಕೆ ಬಂತು ಅಂದರೆ, ಜೆಲ್‌ನಲ್ಲಿ ಪೆಪ್ಟೈಡ್ ಪ್ರೋಟೀನಿನಿಂದ ಬೇರೆಯಾಗಿ ಮುಂದೆ ಓಡಿಹೋಗುತ್ತದೆ. ಜೆಲ್ ಕ್ಲೀನಾಗಿ ಕಂಡಿದ್ದೂ ಅದಕ್ಕೇ. ಇನ್ನೊಂದು ತಮಾಷೆ: 3ಎಕ್ಸ್‌ನಲ್ಲಿ ಮೂರು ಟೈರೋಸಿನ್ ಇವೆ, ಪ್ರೋಟೀನು ಅಳೆಯುವ 280 ನ್ಯಾನೋಮೀಟರ್ ಬೆಳಕಿನಲ್ಲಿ ಅದೂ ಲೆಕ್ಕಕ್ಕೆ ಬರುತ್ತದೆ. ಅಳೆಯುವ ಯಂತ್ರ ನ್ಯಾನೋಡ್ರಾಪ್‌ಗೆ ನಾವು ಸೊನ್ನೆ ಎಂದು ತೋರಿಸುವ ಬ್ಲ್ಯಾಂಕ್ ಆಗಿ ಇಟ್ಟದ್ದು ಪೆಪ್ಟೈಡ್ ಇಲ್ಲದ ಬರೀ ಟಿಬಿಎಸ್ ಬಫರ್. ಪೆಪ್ಟೈಡ್ ಒಂದೇ ರೀಡಿಂಗನ್ನು 0.2 ದಾಟಿಸುತ್ತದೆ. ಮ್ಯಾನೇಜರ್ ಖುಷಿಯಿಂದ ಪಿಪಿಟಿಗೆ ಹಾಕಿಕೊಂಡ ಯೀಲ್ಡ್‌ನಲ್ಲಿ ದೊಡ್ಡ ಪಾಲು ಅದರದ್ದೇ. ಆ ಸ್ಲೈಡ್ ಈಗ ಕಾಣೆಯಾಗಿದೆ.

ಈಗ ಎಲೈಸಾಗೆ ಹೋಗುವ ಬ್ಯಾಚ್‌ಗಳನ್ನು ಪೆಪ್ಟೈಡ್ ಬದಲು ಪಿಎಚ್ 3.5ರ ಆಸಿಡ್ ಗ್ಲೈಸಿನ್‌ನಲ್ಲಿ ರೆಸಿನ್‌ನಿಂದ ಬಿಡಿಸುತ್ತೇವೆ. ಟ್ಯೂಬಿನಲ್ಲಿ ಆ ಆಸಿಡ್ ತಣಿಸಲು ಮೊದಲೇ ಟ್ರಿಸ್ ಇರುತ್ತದೆ. ರೆಸಿನ್ ಮಾತ್ರ ಗ್ಲೈಸಿನ್‌ನಲ್ಲಿ 20 ನಿಮಿಷಕ್ಕಿಂತ ಜಾಸ್ತಿ ಇರಬಾರದು. ಆಸಿಡ್ ತಡೆಯದ ಪ್ರೋಟೀನಿಗೆ ಪೆಪ್ಟೈಡೇ ಗತಿ, ಆಮೇಲೆ ಪ್ರೋಟೀನು ಉಳಿಸಿಕೊಂಡು ಪೆಪ್ಟೈಡನ್ನು ಆಚೆ ಬಿಡುವ 10 ಕಿಲೋಡಾಲ್ಟನ್ ಫಿಲ್ಟರ್‌ನಲ್ಲಿ ತೊಳೆಯಲೇಬೇಕು. ಆ ಫಿಲ್ಟರ್‌ಗೆ ಇಂಡೆಂಟ್ ಹಾಕಿದೆ. ಪರ್ಚೇಸ್‌ನಿಂದ ಫೋನ್ ಬಂತು: "ಮೇಡಂ, ಹೋದ ತಿಂಗಳು ತಾನೇ ಅಕ್ವಾಗಾರ್ಡ್ ಸರ್ವಿಸ್ ಮಾಡಿಸಿದ್ವಲ್ಲ?"