ಹಗ್ಗದ ಕೊನೆಯವರು

ಶಿರಸಿಯಲ್ಲಿ ಎರಡು ದಿನ ಇದ್ದೆ. ತೊಡೆದೇವು ತಿಂದೆ, ಯಾಣ ನೋಡಿ ಬಂದೆ, ಅಷ್ಟೇ. ದೇವಿಮನೆ ಘಾಟಿ ಇಳಿದು ಕಾರವಾರ ಮುಟ್ಟಿದ ಮೇಲಿನ ಒಂದು ಬೆಳಗ್ಗೆ ಮಾತ್ರ ತಲೆಯಿಂದ ಹೋಗ್ತಾ ಇಲ್ಲ.

ಹಿಂದಿನ ಸಂಜೆ ಟ್ಯಾಗೋರ್ ಕಡಲತೀರದಲ್ಲಿ ಟ್ರೈಪಾಡ್ ನೆಟ್ಟು ಸೂರ್ಯಾಸ್ತ ಹೊಡೆದಿದ್ದೆ. ಎಲ್ಲವೂ ಶಾರ್ಪ್. ಎಲ್ಲವೂ ಬ್ಯಾಂಕಿನವರು ಕೊಡುವ ಕ್ಯಾಲೆಂಡರ್.

ಬೆಳಗ್ಗೆ ಬೇಗ ಎದ್ದು ಮಾಜಾಳಿಗೆ ಹೋದರೆ ರಂಪಣಿ ಎಳೀತಿದ್ದಾರೆ! ದೋಣಿಯಲ್ಲಿ ಬಲೆಯನ್ನು ಅರ್ಧಚಂದ್ರದ ಹಾಗೆ ಬಿಟ್ಟು, ಎರಡೂ ತುದಿಯ ಹಗ್ಗವನ್ನು ದಡದಿಂದ ಎಳೆಯುವ ಮೀನುಗಾರಿಕೆ. ಎಪ್ಪತ್ತರ ದಶಕದ ಕೊನೆಗೆ, ಕಡಲಲ್ಲೇ ಮೀನಿನ ಹಿಂಡನ್ನು ಬಲೆಯಿಂದ ಸುತ್ತುಗಟ್ಟಿ ಹಿಡಿಯುವ ಪರ್ಸೀನ್ ಬೋಟುಗಳು ಬಂದ ಮೇಲೆ ಇದು ಸೊರಗಿತು. ಈಗ ಕಣ್ಣಿಗೆ ಬಿದ್ದರೆ ಅದೃಷ್ಟ.

ಕ್ಯಾಮೆರಾ ತೆಗೆದೆ. ಲೆನ್ಸ್ ಪೂರ್ತಿ ಮಂಜು. ಏಪ್ರಿಲ್ ಸೆಕೆ ಅಂತ ರಾತ್ರಿಯೆಲ್ಲಾ ಎಸಿ ಹಾಕಿ ಮಲಗಿದ್ದರ ಫಲ: ತಣ್ಣಗಾದ ಗಾಜಿಗೆ ಕಡಲ ತೇವದ ಗಾಳಿ ತಗುಲಿತ್ತು. ಒರೆಸಿದಷ್ಟೂ ಮತ್ತೆ ಕಟ್ಟುತ್ತಿತ್ತು. ಕರಾವಳಿಗೆ ಹೋಗುವವರು ಕ್ಯಾಮೆರಾವನ್ನು ಚೀಲದಲ್ಲೇ ಮುಚ್ಚಿಟ್ಟು, ಅರ್ಧ ಗಂಟೆ ಮೊದಲೇ ಹೊರಗಿಡಿ. ನನಗೆ ಯಾರೂ ಹೇಳಿರಲಿಲ್ಲ.

ಬೆಳಕು ಸಾಲದೆ ಶಟರ್ ವೇಗ 1/15 ಸೆಕೆಂಡಿಗೆ ಇಳಿದಿತ್ತು. ಮಂಜಿನ ಜೊತೆಗೆ ಕೈನಡುಕವೂ ಸೇರಿತು. 1944ರ ಜೂನ್ 6ರಂದು ನಾರ್ಮಂಡಿಯಲ್ಲಿ ಯುದ್ಧದ ಛಾಯಾಗ್ರಾಹಕ ರಾಬರ್ಟ್ ಕಾಪಾ ತೆಗೆದ ಸೈನಿಕರ ಚಿತ್ರಗಳೂ ಅಲುಗಿವೆ, ನಿಜ. ಆದರೆ ಅಲ್ಲಿ ಗುಂಡು ಹಾರುತ್ತಿತ್ತು. ನನ್ನದು ಎಸಿ.

ಲೆನ್ಸ್ ತಿಳಿಯಾದ ಮೇಲೆ ಒಳ್ಳೆಯ ಫೋಟೋಗಳೂ ಸಿಕ್ಕವು. ಮರಳಲ್ಲಿ ಕೂತು ಹಾಳಾದವನ್ನು ಅಳಿಸುತ್ತಿದ್ದೆ. ಮೀನಿನ ಬುಟ್ಟಿ ಹಿಡಿದು ಕಾಯುತ್ತಿದ್ದ ಅಜ್ಜಿಯೊಬ್ಬರು ಪಕ್ಕದಲ್ಲೇ ಕೂತರು.

"ತೋರಿಸು ತಮ್ಮಾ."

ನಾನು ಶಾರ್ಪ್ ಇದ್ದವನ್ನೇ ತೋರಿಸಿದೆ.

"ಇಂವ ನಮ್ಮ ಹುಡುಗ. ಫೋಟೋ ಅಂತ ಹೊಟ್ಟೆ ಒಳಗೆ ಎಳ್ಕೊಂಡಾನೆ ನೋಡು. ಮುಂದೆ ಹೋಗು."

ಮುಂದೆ ಹೋಗುತ್ತಾ ಆ ಮಂಜಿನ ಫೋಟೋ ಬಂತು. ಸಾಲಾಗಿ ಬೆನ್ನುಗಳು. ಒಂದು ಮುಖವೂ ಇಲ್ಲ, ಹಗ್ಗವೂ ಸರಿಯಾಗಿ ಕಾಣದು. ಅಳಿಸಲು ಹೋದೆ. ಅಜ್ಜಿ ನನ್ನ ಕೈ ಹಿಡಿದರು.

"ತಡಿ. ಇದು ನಮ್ಮ ಹುಡುಗ, ಹಿಮ್ಮಡಿ ಊರಿದ್ದು ನೋಡು. ಇದು ಅವನ ಮಾವ, ಸೊಂಟ ನೋವು, ಅದಕ್ಕೇ ಓರೆ. ಇಗಾ, ಕೊನೆಯಂವ... ಇಂವ ಎಳೀತಾನೇ ಇಲ್ಲ! ಸುಮ್ನೆ ಹಗ್ಗ ಹಿಡ್ಕೊಂಡಾನೆ!"

ಬುಟ್ಟಿ ಬದಿಗಿಟ್ಟು ನಕ್ಕರು. ಆಮೇಲೆ ಸ್ವಲ್ಪ ಹೊತ್ತು ಆ ಬೆನ್ನುಗಳನ್ನೇ ನೋಡುತ್ತಾ ಕೂತರು. "ಹಿಂದೆ ನಮ್ಮನೆಯವರೂ ಹಿಂಗೇ ನಿಲ್ತಿದ್ದರು" ಅಂದರು. ಎಷ್ಟು ಮೀನು ಬಂತು ಅಂತ ನೋಡಲು ಎದ್ದು ಹೋದರು.

ಸಂಜೆ ಪೇಟೆಯ ಸ್ಟುಡಿಯೋದಲ್ಲಿ ಪ್ರಿಂಟ್ ಕೇಳಿದರೆ, "ಸರ್, ಇದು ಶೇಕ್ ಆಗಿದೆ. ಬೇರೆದು ಕೊಡಿ" ಅಂದರು. ಇದೇ ಬೇಕು ಅಂದೆ. ಮುಖ ನೋಡಿ ದುಡ್ಡು ಮೊದಲೇ ತೆಗೆದುಕೊಂಡರು.

ಮರುದಿನ ಅಜ್ಜಿ ಬಂದಿರಲಿಲ್ಲ. ದಡದಲ್ಲಿ ಬಲೆ ಬಿಡಿಸುತ್ತಿದ್ದವರೊಬ್ಬರ ಕೈಗೆ ಫೋಟೋ ಕೊಟ್ಟು, ಅಜ್ಜಿಗೆ ಮುಟ್ಟಿಸಿ ಅಂದೆ. ಅವರು ಅದನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು.

"ಕೊನೆಯಲ್ಲಿ ಇರೋದು ನಾನೇ ಅಲ್ವಾ?" ಅಂದರು. "ಭಾರೀ ಎಳೀತಾ ಇದ್ದೇನೆ!"